ಮೂಗ ಕಂಡ ಕನಸು: ಕಿವುಡ ತರುಣರ ಶಾಲೆಯೂ ‘ಸೇರುವ’ ಪ್ರಶ್ನೆಯೂ

ಕನ್ನಡ ಸಾಹಿತ್ಯದಲ್ಲಿ ಮೂಗನಿಗೂ ಕಿವುಡನಿಗೂ ಬಹುಕಾಲದಿಂದ ಒಂದು ಸ್ಥಾನವುಂಟು. ಆದರೆ ಆ ಸ್ಥಾನ ಉಪಮಾನದ್ದು, ಉಪಮೇಯದ್ದಲ್ಲ. ಅನುಭಾವಿಗಳಿಗೆ ತಮ್ಮ ಅನುಭವವನ್ನು ನುಡಿಗೆ ತರಲಾಗದೆ ಹೋದಾಗ ಒದಗಿಬಂದದ್ದು ಮೂಗ ಕಂಡ ಕನಸಿನ ಹೋಲಿಕೆ. ಕೇಳುವವರಿಲ್ಲದೆ ವ್ಯರ್ಥವಾದ ವಿದ್ಯೆಯನ್ನು ಜನಸಾಮಾನ್ಯರು ಕಿವುಡನ ಮುಂದೆ ನುಡಿಸಿದ ಕಿನ್ನರಿಗೆ ಹೋಲಿಸಿದರು. ಕರಾವಳಿಯವರಿಗೆ ಮನೆಮಾತಾಗಿರುವ ಕೊಲ್ಲೂರಿನ ಸ್ಥಳಪುರಾಣದಲ್ಲಿ, ವರ ಬೇಡಲಿದ್ದ ಅಸುರನ ಮಾತು ಅಡಗಿ ಅವನು ಮೂಕಾಸುರನಾಗುತ್ತಾನೆ. ಮಾತು ಹೋದೊಡನೆ ಅವನ ಸೋಲೂ ನಿಶ್ಚಿತವಾಗುತ್ತದೆ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಕಾದಂಬರಿಯ ಅಜ್ಜಿಯಾದರೋ ಹೆಸರಿಗೆ ಮಾತ್ರ ಮೂಕಿ. ಮೊಮ್ಮಗನೊಡನೆ ಅವಳು ಆಡುವ ಮಾತಿನ ಮೇಲೆಯೇ ಕೃತಿಯೆಲ್ಲ ನಿಂತಿದೆ. ಒಟ್ಟಿನಲ್ಲಿ ಮೂಗತನವೆಂಬುದು ಮಾತು ಬಲ್ಲವರು ತಮ್ಮ ಇಕ್ಕಟ್ಟನ್ನು ಹೇಳಿಕೊಳ್ಳಲು ಎರವು ತಂದ ಸಾಮಗ್ರಿ. ಮೂಗನು ತಾನು ಕಂಡ ಕನಸನ್ನು ಕಡೆಗೆ ಯಾರಿಗೆ ಹೇಳಿದ, ಯಾವ ನುಡಿಯಲ್ಲಿ ಹೇಳಿದ ಎಂದು ಕೇಳಿದವರು ವಿರಳ.

ಚಲನಚಿತ್ರ ಈ ವಿಷಯದಲ್ಲಿ ಸಾಹಿತ್ಯಕ್ಕಿಂತ ಒಂದು ಹೆಜ್ಜೆ ಮುಂದೆ ಹೋಯಿತೆನ್ನಬೇಕು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ‘ನಾಂದಿ’ (1964) ಚಿತ್ರದಲ್ಲಿ ವಿಧುರನಾದ ಉಪಾಧ್ಯಾಯನೊಬ್ಬ ಕಿವಿ ಕೇಳದ, ಮಾತು ಬಾರದ ಹೆಣ್ಣನ್ನು ಕೈಹಿಡಿಯುತ್ತಾನೆ. ರಾಜಕುಮಾರ್ ಮತ್ತು ಹರಿಣಿಯವರ ಅಭಿನಯದಿಂದ ಕನ್ನಡಿಗರ ನೆನಪಿನಲ್ಲಿ ಉಳಿದ ಈ ಚಿತ್ರ, ಅಂಥ ಹೆಣ್ಣಿಗೂ ಸಂಸಾರದ ಹಕ್ಕುಂಟೆಂದು ಆ ಕಾಲಕ್ಕೆ ಹೇಳಿದ್ದು ಸಾಮಾನ್ಯವಲ್ಲ. ಗುಲ್ಜಾರರ ಹಿಂದಿ ಚಿತ್ರ ‘ಕೋಶಿಶ್’ (1972) ಇನ್ನೂ ಮುಂದುವರಿದು ಗಂಡಹೆಂಡಿರಿಬ್ಬರನ್ನೂ ಕಿವುಡರನ್ನಾಗಿಯೇ ಇರಿಸಿತು. ಕಿವಿ ಕೇಳುವ ಮಗನು ಕಿವುಡ ಹುಡುಗಿಯನ್ನು ವರಿಸಲು ಒಲ್ಲೆನೆಂದಾಗ ತಂದೆಗೆ ಉಕ್ಕುವ ಕ್ರೋಧವೇ ಆ ಚಿತ್ರದ ನೈತಿಕ ಶಿಖರ. ಆದರೆ ಎರಡು ಚಿತ್ರಗಳಲ್ಲಿಯೂ ಪ್ರಶ್ನೆ ದಾಂಪತ್ಯದ್ದು. ಹನ್ನೆರಡರಿಂದ ಹದಿನೆಂಟರ ನಡುವಣ ಆರು ವರ್ಷ, ಅಂದರೆ ಮನುಷ್ಯನು ತಾನು ಯಾರವನೆಂದು ಮೊದಲ ಬಾರಿಗೆ ತನ್ನನ್ನೇ ಕೇಳಿಕೊಳ್ಳುವ ವಯಸ್ಸು, ಅವುಗಳ ಹೊರಗೆ ಉಳಿಯಿತು. ಆ ವಯಸ್ಸು ಕಳೆಯುವುದು ಶಾಲೆಯಲ್ಲಿ.

ಕಿವುಡ ಮಗುವಿಗೆ ಶಾಲೆಯೆಂಬುದು ಇತರರಿಗಿಂತ ಬೇರೆಯ ಅರ್ಥದಲ್ಲಿ ಮುಖ್ಯ. ಕೈಸನ್ನೆಗಳು ಮಾತಿನ ಕುರೂಪ ಅನುಕರಣೆಯಲ್ಲ, ತಮ್ಮದೇ ವ್ಯಾಕರಣವುಳ್ಳ ಭಾಷೆ ಎಂಬುದನ್ನು ವಿಲಿಯಂ ಸ್ಟೋಕೀ 1960ರಲ್ಲಿ ಅಮೆರಿಕದ ಸನ್ನೆಭಾಷೆಯನ್ನು ಆಧರಿಸಿ ತೋರಿಸಿದರು. ಭಾರತದ ಮಟ್ಟಿಗೆ ಮದನ್ ವಸಿಷ್ಠ, ಜೇಮ್ಸ್ ವುಡ್‌ವರ್ಡ್ ಮತ್ತು ಸಂಗಡಿಗರು ಎಪ್ಪತ್ತರ ದಶಕದಲ್ಲಿ ದೆಹಲಿ, ಕಲಕತ್ತಾ, ಮುಂಬಯಿ, ಬೆಂಗಳೂರುಗಳ ಸನ್ನೆಗಳನ್ನು ಸಂಗ್ರಹಿಸಿ ಹೋಲಿಸಿ, ಊರಿಂದೂರಿಗೆ ಭೇದಗಳಿದ್ದರೂ ಅವುಗಳ ನಡುವೆ ನಿಕಟ ಸಂಬಂಧವಿದೆಯೆಂದು ಕಂಡರು. ಮರಾಠಿಗೂ ಕನ್ನಡಕ್ಕೂ ನಡುವೆ ಇರುವಷ್ಟು ದೂರ ಮುಂಬಯಿಯ ಕಿವುಡನಿಗೂ ಬೆಂಗಳೂರಿನ ಕಿವುಡನಿಗೂ ನಡುವೆ ಇಲ್ಲವೆಂಬುದು ಭಾಷಾವಾರು ಪ್ರಾಂತಗಳಿಗಾಗಿ ಹೋರಾಡಿದವರ ಮಕ್ಕಳಿಗೆ ಸ್ವಲ್ಪ ಕುತೂಹಲದ ಸಂಗತಿಯೇ ಸರಿ. ಈ ಭಾಷೆ ತಾಯಿಯಿಂದ ಬರುವುದು ಅಪರೂಪ. ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಮಿಕ್ಕಿದವರ ತಂದೆತಾಯಿಗಳು ಕಿವಿ ಕೇಳುವವರು; ಅವರಿಗೆ ಸನ್ನೆಭಾಷೆ ತಿಳಿಯದು. ಆದ್ದರಿಂದ ಅದು ಹಿರಿಯ ಹುಡುಗನಿಂದ ಕಿರಿಯ ಹುಡುಗನಿಗೆ, ಹುಡುಗಿಯಿಂದ ಹುಡುಗಿಗೆ, ಶಾಲೆಯ ಆಟದ ಬಯಲಿನಲ್ಲಿ, ವಸತಿಗೃಹದ ಮಂಚಗಳ ನಡುವೆ ಹರಿದುಬರುತ್ತದೆ. ಇತರರಿಗೆ ಮನೆ, ಊರು, ಕುಲ, ದೇವಸ್ಥಾನ ಇವೆಲ್ಲ ಸೇರಿ ಕೊಡುವುದನ್ನು ಕಿವುಡ ತರುಣನಿಗೆ ಶಾಲೆಯೊಂದೇ ಕೊಡಬೇಕು. ಅದು ಕೊಡದಿದ್ದರೆ ಬೇರೆಲ್ಲಿಂದಲೂ ಸುಲಭವಾಗಿ ಬರಲಾರದು.

ಇಲ್ಲಿ ಕನ್ನಡದ ಒಂದು ಧಾತುವನ್ನು ಗಮನಿಸಬೇಕು. ‘ಸೇರು’ ಎಂಬುದು ಕರ್ತೃ ತಾನೇ ಮಾಡುವ ಕ್ರಿಯೆ; ‘ಸೇರಿಸು’ ಎಂಬುದು ಇನ್ನೊಬ್ಬರು ಮಾಡುವುದು. ‘ಸೇರು’ವಿಗೆ ಮತ್ತೊಂದು ಅರ್ಥವೂ ಉಂಟು: ಒಬ್ಬನಿಗೆ ಒಂದು ಊಟ ಸೇರದು, ಒಂದು ಊರು ಸೇರದು ಎನ್ನುವಾಗ ಹಿಡಿಸುವುದೂ ಒಗ್ಗುವುದೂ ಅದರಲ್ಲಿ ಅಡಗಿದೆ. 1974ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲ ಮಕ್ಕಳ ಸಮನ್ವಯ ಶಿಕ್ಷಣದ ಯೋಜನೆಯನ್ನು ತಂದಾಗಿನಿಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದವರೆಗೆ, ಆಡಳಿತದ ಭಾಷೆಯೆಲ್ಲ ‘ಸೇರಿಸು’ವಿನ ಭಾಷೆ. ಕಿವುಡ ಹುಡುಗನನ್ನು ನೆರೆಯ ಸಾಮಾನ್ಯ ಶಾಲೆಗೆ ಸೇರಿಸಿದರೆ ಅವನು ಸಮಾಜಕ್ಕೆ ಸೇರಿದನೆಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆಯ ಸದುದ್ದೇಶವನ್ನು ಶಂಕಿಸಬೇಕಿಲ್ಲ. ಕುರುಡ ಬಾಲಕನಿಗೆ, ಕಾಲಿಲ್ಲದ ಬಾಲಕನಿಗೆ ಅದು ಬಹುಮಟ್ಟಿಗೆ ಸರಿಯೂ ಹೌದು. ಅವರು ತರಗತಿಯ ಮಾತಿನೊಳಗೆ ಇದ್ದಾರೆ. ಕಿವುಡನ ಸಂಗತಿ ಬೇರೆ. ಅವನಿಗೆ ಅಡ್ಡವಾಗಿರುವುದು ಶಾಲೆಯ ಮೆಟ್ಟಲಲ್ಲ, ಶಾಲೆಯ ಮಾತೇ.

ಶಾಲೆಗೆ ಸೇರಿದವನೆಂಬ ಭಾವವನ್ನು ಅಳೆಯಲು ಅಮೆರಿಕದ ಮನೋವಿಜ್ಞಾನಿ ಕ್ಯಾರಲ್ ಗುಡಿನೋ 1993ರಲ್ಲಿ ಹದಿನೆಂಟು ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ರಚಿಸಿದರು. ಉಪಾಧ್ಯಾಯರೂ ಸಹಪಾಠಿಗಳೂ ತನ್ನನ್ನು ಒಪ್ಪುತ್ತಾರೆಯೇ, ಗೌರವಿಸುತ್ತಾರೆಯೇ, ತನ್ನ ಮಾತಿಗೆ ಬೆಲೆ ಕೊಡುತ್ತಾರೆಯೇ ಎಂಬುದು ಅದರ ಸಾರ. ಹದಿಹರೆಯದವರ ವಿಷಯದಲ್ಲಿ ಅದು ಲೋಕದ ಹಲವೆಡೆ ಬಳಕೆಗೆ ಬಂದಿದೆ. ಆದರೆ ಅದರ ಬುಡದಲ್ಲಿ ಒಂದು ಗ್ರಹಿಕೆಯುಂಟು: ವಿದ್ಯಾರ್ಥಿಗೆ ತನ್ನ ಸುತ್ತ ನಡೆಯುವ ಮಾತು ತಿಳಿಯುತ್ತದೆ, ಪ್ರಶ್ನೆಯಿರುವುದು ಆ ಮಾತಿನಲ್ಲಿ ಪ್ರೀತಿಯಿದೆಯೇ ಎಂಬುದಷ್ಟೇ. ಕಿವುಡ ತರುಣನಿಗೆ ತೊಡಕು ಒಂದು ಮೆಟ್ಟಲು ಕೆಳಗೇ ತಗಲುತ್ತದೆ. ತರಗತಿಯವರೆಲ್ಲ ಅವನ ವಿಷಯದಲ್ಲಿ ಸಜ್ಜನರಾಗಿರಬಹುದು. ಆದರೂ ಅವನು ಹೊರಗೇ ಇರಬಹುದು.

ತುಟಿಯನ್ನು ನೋಡಿ ಮಾತು ತಿಳಿಯಲಿ ಎನ್ನುವವರು ಕನ್ನಡಿಯ ಮುಂದೆ ನಿಂತು ದನಿಯಿಲ್ಲದೆ ‘ಪರಿ’, ‘ಬರಿ’, ‘ಮರಿ’ ಎಂದು ಒಮ್ಮೆ ಹೇಳಿ ನೋಡಬಹುದು. ಮೂರಕ್ಕೂ ತುಟಿಯ ಚಲನೆ ಒಂದೇ. ಕಕಾರ ಗಕಾರಗಳಂತೂ ಬಾಯಿಯ ಹಿಂಭಾಗದಲ್ಲಿ ಹುಟ್ಟುವಂಥವಾದುದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಉಳಿದದ್ದನ್ನು ಸಂದರ್ಭದಿಂದ ಊಹಿಸಿಕೊಳ್ಳಬೇಕು. ಉಪಾಧ್ಯಾಯರು ಕರಿಹಲಗೆಯ ಕಡೆ ತಿರುಗಿದರೆ ಆ ಊಹೆಯೂ ತುಂಡಾಗುತ್ತದೆ. ಶ್ರವಣಯಂತ್ರ ಮಾತಿನೊಂದಿಗೆ ಬೆಂಚು ಎಳೆಯುವ ಸದ್ದನ್ನೂ ಬೀದಿಯ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಪಾಠವನ್ನಾದರೂ ಪುಸ್ತಕದಿಂದ ಓದಿಕೊಳ್ಳಬಹುದು. ಬಿಡುವಿನ ವೇಳೆಯ ಹರಟೆಯನ್ನು ಓದಿಕೊಳ್ಳಲು ಪುಸ್ತಕವಿಲ್ಲ. ಹದಿನಾಲ್ಕರ ವಯಸ್ಸಿನಲ್ಲಿ ಸ್ನೇಹವೆಂಬುದು ಹುಟ್ಟುವುದು ಆ ಹರಟೆಯಲ್ಲಿ: ಅರ್ಧ ಹೇಳಿ ಬಿಟ್ಟ ಮಾತಿನಲ್ಲಿ, ಇನ್ನೊಬ್ಬನ ಅಣಕದಲ್ಲಿ, ಗುಟ್ಟಿನಲ್ಲಿ. ನಾಲ್ವರು ನಕ್ಕಾಗ ಐದನೆಯವನು ಏನಾಯಿತೆಂದು ಕೇಳುತ್ತಾನೆ. ಆಮೇಲೆ ಹೇಳುತ್ತೇನೆ ಎಂದು ಉತ್ತರ ಬರುತ್ತದೆ. ಆ ‘ಆಮೇಲೆ’ ಬರುವುದೇ ಇಲ್ಲ. ಬಂದರೂ ನಗೆ ಆರಿರುತ್ತದೆ. ಕೆಲವರು ಕಾರಣ ತಿಳಿಯದಿದ್ದರೂ ಉಳಿದವರೊಡನೆ ನಗುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾರೆ. ಹೊರಗಿನಿಂದ ನೋಡುವವರಿಗೆ ಅವರು ಚೆನ್ನಾಗಿ ಹೊಂದಿಕೊಂಡಂತೆ ಕಾಣುತ್ತಾರೆ. ವರದಿಯಲ್ಲಿಯೂ ಹಾಗೆಯೇ ಬರೆಯಲಾಗುತ್ತದೆ.

ಹಾಗೆಂದು ಕಿವುಡರ ಪ್ರತ್ಯೇಕ ಶಾಲೆಗಳ ಇತಿಹಾಸ ನಿಷ್ಕಳಂಕವಲ್ಲ. ಭಾರತದಲ್ಲಿ ಇಂಥ ಶಾಲೆಗಳ ಮೊದಲು ಮುಂಬಯಿಯಲ್ಲೇ ಆಯಿತು. 1880ರ ದಶಕದ ಮಧ್ಯದಲ್ಲಿ ಕ್ಯಾಥೊಲಿಕ್ ಬಿಷಪ್ ಲಿಯೋ ಮೊರಿನ್ ಅವರ ಮುಂದಾಳುತನದಲ್ಲಿ ಕಿವುಡ-ಮೂಗರ ಸಂಸ್ಥೆ ಸ್ಥಾಪಿತವಾಯಿತು. ಕಲಕತ್ತೆಯ ಶಾಲೆ ಬಂದದ್ದು 1893ರಲ್ಲಿ. ಆದರೆ ಅದಕ್ಕೆ ಸ್ವಲ್ಪ ಮೊದಲು, 1880ರಲ್ಲಿ, ಇಟಲಿಯ ಮಿಲಾನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಶಿಕ್ಷಕರ ಸಮ್ಮೇಳನ ಕಿವುಡರ ಶಿಕ್ಷಣದಿಂದ ಸನ್ನೆಯನ್ನು ಹೊರದೂಡಿ ಬಾಯಿಮಾತೊಂದೇ ಶ್ರೇಷ್ಠವೆಂದು ತೀರ್ಮಾನಿಸಿತ್ತು. ಆ ತೀರ್ಮಾನದ ನೆರಳು ಇಲ್ಲಿಯ ಶಾಲೆಗಳ ಮೇಲೂ ದೀರ್ಘಕಾಲ ಬಿದ್ದಿತು. ಶಿಕ್ಷಕರು ಬಾಯಿಯಿಂದ ಕಲಿಸಿದರು, ಮಕ್ಕಳು ಕೈಯಿಂದ ಮಾತಾಡಿಕೊಂಡರು. ಸನ್ನೆಯನ್ನು ಅಳಿಸಲು ಹೊರಟ ಶಾಲೆಯೇ ಕಿವುಡ ಮಕ್ಕಳನ್ನು ಒಂದೆಡೆ ಕೂಡಿಸಿ, ಸನ್ನೆಯ ತವರಾಯಿತೆಂಬುದು ಈ ಇತಿಹಾಸದ ವಿಪರ್ಯಾಸ. ಮಿಲಾನಿನ ನಿರ್ಣಯಗಳನ್ನು ಅದೇ ಪರಂಪರೆಯ ಸಮ್ಮೇಳನ ವ್ಯಾಂಕೂವರಿನಲ್ಲಿ ತಿರಸ್ಕರಿಸಿ ವಿಷಾದ ಸೂಚಿಸಿದ್ದು 2010ರಲ್ಲಿ. ನಡುವೆ ಹೋದದ್ದು ನೂರಮೂವತ್ತು ವರ್ಷ, ಅಂದರೆ ಐದಾರು ತಲೆಮಾರಿನ ಮಕ್ಕಳು.

ಮುಂಬಯಿಯ ಕನ್ನಡಿಗರಿಗೆ ಈ ವಿಪರ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಿಗೆ ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ಬಂದು ಕುಳಿತದ್ದು ಬೀಜಗಣಿತದ ಆಸೆಯಿಂದ ಮಾತ್ರವಲ್ಲ. ದಿನಕ್ಕೆ ಎರಡು ಗಂಟೆಯ ಕಾಲ, ತಮ್ಮ ಮಾತನ್ನು ತಿರುಚದೆ ತಗ್ಗಿಸದೆ ಆಡಬಹುದಾದ ಜಾಗ ಅದಾಗಿತ್ತು. ಅಲ್ಲಿಂದ ಹೊರಟವರೇ ಮುಂದೆ ಸಂಘಗಳನ್ನು ಕಟ್ಟಿದರು, ನಾಟಕವಾಡಿದರು, ಪತ್ರಿಕೆಗಳನ್ನು ನಡೆಸಿದರು. ಅಂಥ ಹುಡುಗನನ್ನು ಒಬ್ಬಂಟಿಯಾಗಿ ಮರಾಠಿ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂರಿಸಿ, ಸೇರಿಸಿದ್ದೇವೆ ಎಂದು ಯಾರಾದರೂ ಹೇಳಿದ್ದರೆ ಅದು ಎಂಥ ಸೇರುವಿಕೆಯೆಂದು ಆ ತಲೆಮಾರಿನವರು ಕೂಡಲೇ ಕೇಳುತ್ತಿದ್ದರು. ಕಿವುಡ ಹುಡುಗ ಕೇಳುತ್ತಿರುವುದೂ ಅದೇ ಪ್ರಶ್ನೆಯನ್ನು. ಒಂದು ವ್ಯತ್ಯಾಸ ಮಾತ್ರ ಗಂಭೀರವಾದದ್ದು: ಹೋಟೆಲಿನ ಹುಡುಗ ಆರು ತಿಂಗಳಲ್ಲಿ ಮರಾಠಿ ಕಲಿತ, ಕಿವುಡ ಹುಡುಗ ಎಷ್ಟು ವರ್ಷ ಶ್ರಮಿಸಿದರೂ ಕೇಳಿಸಿಕೊಳ್ಳುವುದನ್ನು ಕಲಿಯಲಾರ.

ಈಗ ಬೊರಿವಲಿಯ ಒಂದು ಕನ್ನಡ ಮನೆಯನ್ನು ಭಾವಿಸಿಕೊಳ್ಳಬಹುದು. ತಂದೆತಾಯಿ ತಮ್ಮೊಳಗೆ ತುಳು ಆಡುತ್ತಾರೆ. ಪತ್ರಿಕೆ ಕನ್ನಡದ್ದು, ಭಜನೆ ಕನ್ನಡದ್ದು. ನೆರೆಮನೆಯ ಮಾತು ಮರಾಠಿ, ಅಂಗಡಿಯದು ಗುಜರಾತಿ, ರೈಲಿನದು ಹಿಂದಿ, ಶಾಲೆಯದು ಇಂಗ್ಲಿಷ್. ಕಿವಿ ಕೇಳುವ ಮಗು ಹತ್ತು ವರ್ಷ ತುಂಬುವುದರೊಳಗೆ ಇವೆಲ್ಲವನ್ನೂ ಎತ್ತಿಕೊಂಡು ಹೋಗುತ್ತದೆ. ಈ ಬಹುಭಾಷಿಕತೆಯನ್ನು ಮುಂಬಯಿ ಕನ್ನಡಿಗರು ತಮ್ಮ ಹೆಮ್ಮೆಯೆಂದೇ ಎಣಿಸುತ್ತ ಬಂದಿದ್ದಾರೆ. ಅದೇ ಮನೆಯಲ್ಲಿ ಕಿವುಡ ಮಗು ಹುಟ್ಟಿದರೆ, ಮಾತು ಕಲಿಸುವ ಪದ್ಧತಿಯವರು ತಂದೆತಾಯಿಗಳಿಗೆ ಕೊಡುತ್ತ ಬಂದ ರೂಢಿಯ ಸಲಹೆ ಒಂದೇ: ಮನೆಯಲ್ಲಿ ಒಂದೇ ಭಾಷೆ ಇರಲಿ, ಅದು ಶಾಲೆಯ ಭಾಷೆಯಾಗಿರಲಿ. ಶಾಲೆ ಮರಾಠಿಯದು ಅಥವಾ ಹಿಂದಿಯದು ಅಥವಾ ಇಂಗ್ಲಿಷಿನದು. ಆಗ ತಾಯಿ ತನ್ನ ಮಗುವಿನೊಡನೆ ತನಗೆ ಅರೆಬರೆ ಬರುವ ಮಾತಿನಲ್ಲಿ, ತಪ್ಪಾದೀತೆಂಬ ಅಂಜಿಕೆಯಲ್ಲಿ, ನುಡಿಯಬೇಕು. ಲಾಲಿಯನ್ನೂ ಗದರಿಕೆಯನ್ನೂ ಎರವಿನ ನುಡಿಯಲ್ಲಿ ಆಡುವ ಮನೆ ಎಂಥದಾದೀತು? ಈ ಸಲಹೆಯ ಶಾಸ್ತ್ರೀಯ ಆಧಾರವನ್ನು ಈಚಿನ ಸಂಶೋಧಕರು ಪ್ರಶ್ನಿಸಿದ್ದಾರೆ. ಆದರೂ ರೂಢಿ ಸುಲಭವಾಗಿ ಸಡಿಲುವುದಿಲ್ಲ.

2016ರ ಅಧಿನಿಯಮದ ಹದಿನೇಳನೆಯ ಕಲಮು ಇನ್ನೂ ಒಂದು ಸೌಲಭ್ಯವನ್ನು ಕೊಡುತ್ತದೆ. ಅಂಗವಿಕಲ ವಿದ್ಯಾರ್ಥಿಗಳಿಗಾಗಿ ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ಮಾರ್ಪಡಿಸುವಾಗ ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಕೊಡಬಹುದೆಂದು ಅದು ಹೇಳುತ್ತದೆ. ಪರೀಕ್ಷೆಯ ಭಾರ ಇಳಿಯುವುದು ನಿಜ. ಇದನ್ನು ಬೇಡವೆನ್ನುವ ತಂದೆತಾಯಿಗಳಿರಲಾರರು. ಆದರೆ ಸನ್ನೆಭಾಷೆಯನ್ನು ಕೊಡದೆ ಬಾಯಿಭಾಷೆಗಳನ್ನು ಕಳೆಯುತ್ತ ಹೋಗುವುದು ಕಿವುಡ ಹುಡುಗನ ಪಾಲಿಗೆ ರಿಯಾಯಿತಿಯೋ ನಷ್ಟವೋ ಎಂಬುದನ್ನು ತೂಗಿ ನೋಡಬೇಕು. ಅದೇ ಅಧಿನಿಯಮದ ಹದಿನಾರನೆಯ ಕಲಮು ಕಿವುಡರ ಶಿಕ್ಷಣ ಅವರಿಗೆ ಅತ್ಯಂತ ತಕ್ಕ ಭಾಷೆಯಲ್ಲಿ ನಡೆಯಬೇಕೆನ್ನುತ್ತದೆ. ಸನ್ನೆಭಾಷೆ ಬಲ್ಲ, ಸ್ವತಃ ಅಂಗವಿಕಲರೂ ಆದ ಶಿಕ್ಷಕರನ್ನು ನೇಮಿಸಬೇಕೆಂಬುದೂ ಕಾನೂನಿನಲ್ಲಿದೆ. ವಿನಾಯಿತಿ ಕೊಡುವುದು ಸುಲಭ, ಅದಕ್ಕೆ ಒಂದು ಆಜ್ಞಾಪತ್ರ ಸಾಕು. ಶಿಕ್ಷಕರನ್ನು ಸಿದ್ಧಪಡಿಸಲು ವರ್ಷಗಳು ಬೇಕು. ಕಾನೂನಿನ ಯಾವ ಭಾಗ ಮೊದಲು ಜಾರಿಗೆ ಬರುವುದೆಂದು ಊಹಿಸಲು ಆಡಳಿತದ ವಿಶೇಷ ಪರಿಚಯ ಬೇಕಿಲ್ಲ.

ಪ್ರಯತ್ನಗಳು ನಡೆದೇ ಇಲ್ಲವೆಂದಲ್ಲ. ಬಾಂದ್ರಾದಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಈ ನಗರದಲ್ಲಿಯೇ ಇದೆ. ದೆಹಲಿಯಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನಾ ಮತ್ತು ತರಬೇತಿ ಕೇಂದ್ರ 2015ರಲ್ಲಿ ಆರಂಭವಾಯಿತು. 2018ರಲ್ಲಿ 3,000 ಪದಗಳಿಂದ ಮೊದಲಾದ ಅದರ ನಿಘಂಟು 2021ರ ವೇಳೆಗೆ 10,000 ಪದಗಳನ್ನು ಮುಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸನ್ನೆಭಾಷೆಯನ್ನು ದೇಶದಾದ್ಯಂತ ಏಕರೂಪಗೊಳಿಸುವ ಮಾತನ್ನಾಡಿ, ಸ್ಥಳೀಯ ಸನ್ನೆಗಳನ್ನೂ ಗೌರವಿಸಬೇಕೆಂದಿತು. ಏಕರೂಪವೂ ಸ್ಥಳೀಯವೂ ಜೊತೆಜೊತೆಯಾಗಿ ಬಾಳಿದ ನಿದರ್ಶನ ಭಾಷೆಗಳ ಚರಿತ್ರೆಯಲ್ಲಿ ಹೆಚ್ಚಿಲ್ಲವೆಂಬುದು ಬೇರೆ ಮಾತು. ಇನ್ನೊಂದು ಕಡೆಯಿಂದ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಸರ್ಕಾರಿ ನೆರವಿನಿಂದ ಎಳೆಯ ಮಕ್ಕಳಿಗೆ ದೊರೆಯುತ್ತಿದೆ. ಅದರಿಂದ ಮಾತು ಕಲಿತ ಮಕ್ಕಳಿದ್ದಾರೆ. ಫಲ ಮಗುವಿನಿಂದ ಮಗುವಿಗೆ ಬೇರೆ. ಯಂತ್ರವನ್ನು ತೆಗೆದಿಟ್ಟ ಗಳಿಗೆಯಲ್ಲಿ ಆ ಮಗುವೂ ಕಿವುಡ ಮಗುವೇ ಎಂಬುದನ್ನು ಮಾತ್ರ ಮರೆಯಬಾರದು.

ಶಾಲೆ ಕೊಡದದ್ದನ್ನು ಕಿವುಡ ತರುಣರು ಎಲ್ಲಿ ಪಡೆಯುತ್ತಾರೆ ಎಂಬುದಕ್ಕೆ ಈಚಿನ ಎರಡು ಅಧ್ಯಯನಗಳು ಉತ್ತರ ಕೊಡುತ್ತವೆ. ಮಿಶೆಲ್ ಫ್ರೀಡ್‌ನರ್ ಅವರ ‘ವ್ಯಾಲ್ಯೂಯಿಂಗ್ ಡೆಫ್ ವರ್ಲ್ಡ್ಸ್ ಇನ್ ಅರ್ಬನ್ ಇಂಡಿಯಾ’ (2015) ಬೆಂಗಳೂರಿನ ಕಿವುಡ ಯುವಜನರ ನಡುವೆ ಬಾಳಿ ಬರೆದ ಗ್ರಂಥ. ಶಾಲೆಯಲ್ಲಿ ಪಾಠ ತಿಳಿಯದೆ ಕಳೆದ ವರ್ಷಗಳು, ಆ ಕೊರತೆಯನ್ನು ತುಂಬಿಕೊಳ್ಳಲು ಕಿವುಡರು ಕಿವುಡರನ್ನೇ ಅರಸಿ ಹೋಗುವ ರೀತಿ, ಒಬ್ಬ ತಿಳಿದದ್ದನ್ನು ಇನ್ನೊಬ್ಬನಿಗೆ ತಿಳಿಸುವುದು ಕರ್ತವ್ಯವೆಂದೇ ಭಾವಿಸುವ ಅವರ ಪದ್ಧತಿ ಇವುಗಳ ಚಿತ್ರಣ ಅದರಲ್ಲಿದೆ. ‘ಕಿವುಡ ಕಿವುಡ ಒಂದೇ’ ಎಂಬ ಅವರ ಭಾವವನ್ನು ಲೇಖಕಿ ಸಹಾನುಭೂತಿಯಿಂದ ಕಂಡಿದ್ದಾರೆ. ಆದರೆ ‘ಒಂದೇ’ ಎಂಬ ಮಾತಿನ ಕೆಳಗೆ ಹಣ, ಜಾತಿ, ಹೆಣ್ಣುಗಂಡುಗಳ ಭೇದ ಅಡಗಿ ಕುಳಿತಿರುತ್ತದೆ. ವಲಸೆ ಬಂದ ಯಾವ ಸಮುದಾಯದ ಸಂಘದಲ್ಲಿಯೂ ಹಾಗೆಯೇ. ಕಿವುಡರ ಬಳಗ ಅದಕ್ಕೆ ಹೊರತೆಂದು ತಿಳಿಯಲು ಕಾರಣವಿಲ್ಲ.

ಮುಂಬಯಿಯ ವಾಚಕರಿಗೆ ಹೆಚ್ಚು ಹತ್ತಿರದ್ದು ಆನೆಲೀಸ್ ಕುಸ್ಟರ್ಸ್ 2009ರಲ್ಲಿ ಪ್ರಕಟಿಸಿದ, ಈ ನಗರದ ಲೋಕಲ್ ರೈಲುಗಳಲ್ಲಿ ಸಂಚರಿಸುವ ಕಿವುಡರನ್ನು ಕುರಿತ ಪ್ರಬಂಧ. ಲೇಖಕಿ ಸ್ವತಃ ಕಿವುಡರು. ಈ ನಗರದ ಕಿವುಡರು ಅಂಗಡಿಯವರೊಡನೆ, ಬೀದಿಯ ವ್ಯಾಪಾರಿಗಳೊಡನೆ ಸನ್ನೆಯಿಂದ ವ್ಯವಹರಿಸುವುದನ್ನು ತೋರುವ ‘ಇಶಾರೆ’ (2015) ಚಿತ್ರವೂ ಅವರದೇ. ಉಪನಗರದ ರೈಲುಗಳಲ್ಲಿ ಅಂಗವಿಕಲರಿಗೆಂದು ಮೀಸಲಾದ ಡಬ್ಬಿಗಳುಂಟು. ಆಡಳಿತ ಅವನ್ನು ಒದಗಿಸಿದ್ದು ನೂಕುನುಗ್ಗಲನ್ನು ತಾಳಲಾರದವರ ಅನುಕೂಲಕ್ಕೆ. ಕಿವುಡರು ಅವನ್ನು ಮಾಡಿಕೊಂಡದ್ದು ಬೇರೆಯದೇ ವಸ್ತುವನ್ನಾಗಿ. ಗೊತ್ತಾದ ಗಾಡಿಯಲ್ಲಿ ಪರಸ್ಪರ ಕಾದು ಹತ್ತುವುದು, ಸುದ್ದಿ ವಿನಿಮಯ ಮಾಡಿಕೊಳ್ಳುವುದು, ಮಾತು ಮುಗಿಯದಿದ್ದರೆ ಇಳಿಯಬೇಕಾದ ನಿಲ್ದಾಣವನ್ನು ದಾಟಿಯೂ ಮುಂದೆ ಹೋಗುವುದು ಇವನ್ನೆಲ್ಲ ಪ್ರಬಂಧ ದಾಖಲಿಸುತ್ತದೆ. ಯಾರೂ ಯಾರನ್ನೂ ಸೇರಿಸದ ಆ ಡಬ್ಬಿಯಲ್ಲಿ ಅವರು ಸೇರಿದ್ದಾರೆ. ರೈಲಿನ ಗದ್ದಲದಲ್ಲಿ ಕಿವಿಯವರು ಕೂಗಿ ಮಾತಾಡಬೇಕಾದಲ್ಲಿ ಇವರ ಮಾತಿಗೆ ಅಡ್ಡಿಯೇ ಇಲ್ಲವೆಂಬುದೂ ಗಮನಾರ್ಹ. ಎದುರಿನ ಗಾಡಿಯಲ್ಲಿರುವವನೊಡನೆ ಕಿಟಕಿಯಾಚೆಯಿಂದಲೂ ಸನ್ನೆಯಲ್ಲಿ ಮಾತಾಡಬಹುದು. ಕುಸ್ಟರ್ಸ್ ಅವರ ಬರಹದ ಹೆಚ್ಚಿನ ಗಮನ ಬೆಳೆದವರ ಕಡೆಗಿದೆ. ಶಾಲೆಯ ಚೀಲ ಹೊತ್ತ ಹುಡುಗ ಆ ಹಿರಿಯರ ನಡುವೆ ನಿಂತು ಏನನ್ನು ಕಲಿಯುತ್ತಾನೆ, ತನ್ನ ಮುಂದಿನ ಬಾಳು ಹೀಗಿರಬಹುದೆಂದು ಅವರ ಕೈಗಳಲ್ಲಿ ಹೇಗೆ ಓದಿಕೊಳ್ಳುತ್ತಾನೆ ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಪಶ್ಚಿಮ ರೈಲ್ವೆಯ ಎಷ್ಟೋ ಲೋಕಲುಗಳಿಗೆ ಬೊರಿವಲಿಯೇ ಕೊನೆಯ ನಿಲ್ದಾಣ. ಅಲ್ಲಿ ಗಾಡಿ ಖಾಲಿಯಾಗುತ್ತದೆ; ಮಾತು ಮುಗಿದಿರಲಿ ಬಿಡಲಿ ಇಳಿಯಬೇಕು. ಆಟದ ಜಗಳವನ್ನೂ ಪರೀಕ್ಷೆಯ ಭಯವನ್ನೂ ಕಂಡ ಸಿನಿಮಾವನ್ನೂ ರಾತ್ರಿಯ ಕನಸನ್ನೂ ಪ್ಲಾಟ್‌ಫಾರಮ್ಮಿನವರೆಗೆ ಹೇಳುತ್ತ ಬಂದ ಕೈಗಳು ಚೀಲವನ್ನು ಹೆಗಲಿಗೇರಿಸುತ್ತವೆ. ಮನೆಯಲ್ಲಿ ತಾಯಿ ಬಾಗಿಲು ತೆರೆಯುತ್ತಾಳೆ. ಅವಳಿಗೆ ಮಗನೊಡನೆ ಆಡಲು ಬರುವ ಸನ್ನೆಗಳು ನಾಲ್ಕೋ ಐದೋ: ಊಟ, ಸ್ನಾನ, ಓದು, ನಿದ್ರೆ.